ಅಂಗಡಿಯ ಮೇಲಿನ ಮನೆಗೆ ಹೊಗೆ ಸೂಚಕದ ಕಾವಲು

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳಲ್ಲಿ ಕೆಳಗೆ ಅಂಗಡಿ ಅಥವಾ ದಾಸ್ತಾನು, ಮೇಲೆ ವಾಸದ ಮನೆ ಎಂಬ ಕ್ರಮ ಹಳೆಯದು. ಹರಿಹರದ ಪೇಟೆಯಲ್ಲಿಯೂ ಇಂತಹ ಕಟ್ಟಡಗಳಿವೆ. ಮಂಡಕ್ಕಿ ಭಟ್ಟಿಗಳ ಆಸುಪಾಸಿನಲ್ಲಿ ದುಡಿಮೆ ಮತ್ತು ವಾಸ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ವ್ಯವಹಾರದ ದೃಷ್ಟಿಯಿಂದ ಇದು ಅನುಕೂಲಕರವೇ ಸರಿ. ಆದರೆ ನಡುರಾತ್ರಿ ಕೆಳಗಿನ ದಾಸ್ತಾನಿಗೆ ಬೆಂಕಿ ತಗುಲಿದರೆ, ಮೇಲೆ ಮಲಗಿದವರನ್ನು ಎಬ್ಬಿಸುವವರು ಯಾರು?

ಈ ಪ್ರಶ್ನೆ ಕೇವಲ ಊಹೆಯದಲ್ಲ. 2025ರ ಮೇ 18ರ ಬೆಳಿಗ್ಗೆ ಹೈದರಾಬಾದಿನ ಚಾರ್ಮಿನಾರ್ ಸಮೀಪದ ಗುಲ್ಜಾರ್ ಹೌಜ್‌ನಲ್ಲಿ, ಕೆಳಗೆ ಅಂಗಡಿಗಳಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು, ಮೇಲಿನ ಮನೆಯಲ್ಲಿದ್ದ 17 ಮಂದಿ ಅಸುನೀಗಿದರು. ಅವರಲ್ಲಿ 8 ಮಂದಿ ಮಕ್ಕಳು. ಅದೇ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರಿನ ನಗರ್ತಪೇಟೆಯಲ್ಲಿ ಇಂತಹುದೇ ಕಟ್ಟಡವೊಂದರಲ್ಲಿ 5 ಮಂದಿ ಪ್ರಾಣ ತೆತ್ತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆಯಿಂದ ಉಸಿರುಗಟ್ಟಿಯೋ, ಅದರಿಂದ ಪಾರಾಗಲು ಕೆಳಕ್ಕೆ ಜಿಗಿದೋ 9 ಮಂದಿ ಮೃತಪಟ್ಟಿದ್ದರು. ಇಂತಹ ದುರಂತಗಳಲ್ಲಿ ಜ್ವಾಲೆಗಿಂತ ಮೊದಲು ಕೊಲ್ಲುವುದು ಹೊಗೆ. ನಿದ್ರೆಯಲ್ಲಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆಂಬ ನಂಬಿಕೆಗೆ ಆಧಾರವಿಲ್ಲ, ಶಬ್ದ ಎಬ್ಬಿಸಬಲ್ಲದು.

ಕಾಣದ ವಿಷಾನಿಲ

ಇಂಧನ ಸಾಕಷ್ಟು ಗಾಳಿಯಿಲ್ಲದೆ ಅರೆಬರೆಯಾಗಿ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮುಚ್ಚಿದ ಸ್ನಾನಗೃಹದಲ್ಲಿನ ಗ್ಯಾಸ್ ಗೀಸರ್, ಕೋಣೆಯೊಳಗಿಟ್ಟ ಕೆಂಡ, ಗೋದಾಮಿನೊಳಗೆ ಓಡುವ ಜನರೇಟರ್ ಇದರ ಮುಖ್ಯ ಮೂಲಗಳು. ಗೀಸರ್‌ನಿಂದ ಸಂಭವಿಸಿದ ಸಾವುಗಳು ರಾಜ್ಯದಲ್ಲಿ ಪದೇ ಪದೇ ವರದಿಯಾಗಿವೆ. ತಲೆನೋವು, ತಲೆಸುತ್ತು, ವಾಕರಿಕೆ ಮೊದಲ ಲಕ್ಷಣಗಳಾದುದರಿಂದ ಅನೇಕರು ಪಿತ್ತವೆಂದು ಉಪೇಕ್ಷಿಸುತ್ತಾರೆ.

ಎಲ್ಲಿ, ಹೇಗೆ ಅಳವಡಿಸಬೇಕು?

ಹೊಗೆ ಮೇಲೇರುವುದರಿಂದ ಹೊಗೆ ಸೂಚಕದ ಸ್ಥಾನ ಚಾವಣಿ. ಪ್ರತಿ ಮಲಗುವ ಕೋಣೆಯಲ್ಲಿ, ಅದರ ಹೊರಗಿನ ಹಜಾರದಲ್ಲಿ ಹಾಗೂ ಪ್ರತಿ ಅಂತಸ್ತಿನಲ್ಲಿ ಒಂದೊಂದು ಇರಬೇಕು. ನಮ್ಮ ಮನೆಗಳಲ್ಲಿ ಚಾವಣಿಯ ನಡುವೆ ಫ್ಯಾನ್ ಇರುವುದರಿಂದ ಅದರ ರೆಕ್ಕೆಯ ತುದಿಯಿಂದ 3 ಅಡಿ, ಅಡುಗೆ ಒಲೆಯಿಂದ 10 ಅಡಿ ದೂರವಿರಿಸುವುದು ಒಳಿತು. ಗೋಡೆ ಚಾವಣಿ ಕೂಡುವ ಮೂಲೆಯಲ್ಲಿ ಗಾಳಿ ಆಡದ ಕಾರಣ ಅಲ್ಲಿ ಬೇಡ. ಅಡುಗೆಮನೆಗೆ ಮತ್ತು ಭಟ್ಟಿಯ ಬದಿಗೆ ಹೊಗೆ ಸೂಚಕಕ್ಕಿಂತ ಶಾಖ ಸೂಚಕವೇ ಸೂಕ್ತ. ಇಲ್ಲವಾದಲ್ಲಿ ನಿತ್ಯದ ಹುಸಿ ಗಂಟೆಗೆ ಬೇಸತ್ತು ಬ್ಯಾಟರಿ ಕಿತ್ತಿಡುವುದು ಖಚಿತ.

ಕೆಳಗೆ ಗೋದಾಮು ಇರುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಟರ್ ಎಳೆದ ಗೋದಾಮಿನಲ್ಲಿ ಮೊಳಗುವ ಗಂಟೆ ಮೇಲಿನ ಮನೆಗೆ ಕೇಳಿಸದಿರಬಹುದು. ಆದ್ದರಿಂದ ಒಂದು ಮೊಳಗಿದರೆ ಎಲ್ಲವೂ ಮೊಳಗುವಂತೆ ಪರಸ್ಪರ ಜೋಡಿಸಿದ ಸೂಚಕಗಳನ್ನೇ ಆರಿಸಬೇಕು.

ಕಾರ್ಬನ್ ಮೊನಾಕ್ಸೈಡ್ ಸೂಚಕವನ್ನು ಮಲಗುವ ಕೋಣೆಗಳ ಸಮೀಪದಲ್ಲಿ ಇರಿಸಬೇಕು. ಐರೋಪ್ಯ ಮಾನಕ ಇಎನ್ 50291ರಂತೆ ಅದು 50 ಪಿಪಿಎಂ ಮಟ್ಟದಲ್ಲಿ 60ರಿಂದ 90 ನಿಮಿಷಗಳಲ್ಲಿ, 300 ಪಿಪಿಎಂ ಮಟ್ಟದಲ್ಲಿ 3 ನಿಮಿಷಗಳೊಳಗೆ ಎಚ್ಚರಿಸಬೇಕು. ಈ ಸೂಚಕ ಅಡುಗೆ ಅನಿಲದ ಸೋರಿಕೆಯನ್ನು ಹೇಳುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ನೆಲದ ಮಟ್ಟದಲ್ಲಿ ಹರಡುವುದರಿಂದ ಅದರ ಸೂಚಕವೇ ಬೇರೆ; ಅದನ್ನು ನೆಲದ ಸಮೀಪ ಅಳವಡಿಸಬೇಕು.

ಪಾಲನೆ ಮತ್ತು ಸಿದ್ಧತೆ

ವಿದ್ಯುತ್ ಕಡಿತವಿದ್ದಾಗಲೂ ಕೆಲಸ ಮಾಡುವ ಬ್ಯಾಟರಿಯ ಸೂಚಕಗಳು ಲೇಸು. ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಬೇಕು. ಹತ್ತಿ ಮತ್ತು ಧಾನ್ಯದ ಧೂಳಿರುವೆಡೆ ಮೃದುವಾದ ಕುಂಚದಿಂದ ಆಗಾಗ ಶುಚಿಗೊಳಿಸಬೇಕು. ಹೊಗೆ ಸೂಚಕವನ್ನು 10 ವರ್ಷಕ್ಕೊಮ್ಮೆ, ವಿಷಾನಿಲ ಸೂಚಕವನ್ನು ತಯಾರಕರು ನಮೂದಿಸಿದ ಅವಧಿಗೆ ಬದಲಿಸಬೇಕು.

ಗಂಟೆ ಕೊಡುವುದು ಕೆಲವು ನಿಮಿಷಗಳ ಕಾಲಾವಕಾಶವನ್ನು ಮಾತ್ರ. ಮೆಟ್ಟಿಲ ಮೇಲೆ ಮೂಟೆ ಪೇರಿಸಿದ್ದರೆ, ಹೊರಬಾಗಿಲಿನ ಬೀಗದ ಕೈ ಸಿಗದಿದ್ದರೆ ಆ ನಿಮಿಷಗಳೂ ವ್ಯರ್ಥ. ಗಂಟೆ ಮೊಳಗಿದೊಡನೆ ಎಲ್ಲರೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಹಣಕ್ಕಾಗಿ, ಲೆಕ್ಕದ ಪುಸ್ತಕಕ್ಕಾಗಿ ಮರಳಿ ಒಳಹೋಗಬಾರದು.

ದಾಸ್ತಾನಿಗೆ ವಿಮೆ ಮಾಡಿಸುವ ವರ್ತಕರಿದ್ದಾರೆ. ಸುಟ್ಟ ಸರಕಿಗೆ ವಿಮೆಯಿಂದ ಪರಿಹಾರ ದೊರೆಯಬಹುದು, ಮೇಲೆ ಮಲಗಿದ್ದವರನ್ನು ಅದು ಮರಳಿ ತರಲಾರದು. ಲೆಕ್ಕ ಬಲ್ಲ ವರ್ತಕ ಸಮುದಾಯ ಈ ಸಣ್ಣ ವೆಚ್ಚವನ್ನು ಮನೆಯ ಮೊದಲ ಬಂಡವಾಳವೆಂದೇ ಪರಿಗಣಿಸುವುದು ಉಚಿತ.