ಕುಡುಗೋಲು ಕಣ ರೋಗ: ರಕ್ತ ಯಾವಾಗ ಕೊಡಿಸಬೇಕು?

ವಯನಾಡು, ನೀಲಗಿರಿಗಳ ಗಿರಿಜನರಲ್ಲಿ ಕುಡುಗೋಲು ಕಣ ರೋಗವು ತಲೆಮಾರುಗಳಿಂದ ಇರುವಂಥದು. 1952ರಲ್ಲಿಯೇ ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು ನೀಲಗಿರಿಯ ಬುಡಕಟ್ಟುಗಳ ರಕ್ತದಲ್ಲಿ ಈ ಕಣಗಳನ್ನು ಗುರುತಿಸಿದ್ದರು. ತಂದೆತಾಯಿಗಳಿಬ್ಬರಿಂದಲೂ ದೋಷವು ಇಳಿದುಬಂದ ಮಗುವಿನಲ್ಲಿ, ಆಮ್ಲಜನಕ ಕುಗ್ಗಿದೊಡನೆ ಕೆಂಪು ಕಣಗಳು ಕುಡುಗೋಲಿನಂತೆ ಬಾಗಿ, ಗಡುಸಾಗಿ, ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಹಜವಾದ ಕಣವು ಸುಮಾರು 120 ದಿನ ಬಾಳಿದರೆ ಇವು 10ರಿಂದ 20 ದಿನಗಳಲ್ಲಿ ಅಳಿಯುತ್ತವೆ.

ಮಗು ಬಿಳಿಚಿಕೊಂಡಾಗಲೆಲ್ಲ ರಕ್ತ ಕೊಡಿಸಬೇಕೆಂದು ಹೆತ್ತವರಿಗೆ ತೋರುವುದು ಸಹಜ. ಆದರೆ 7-8 ಗ್ರಾಂ ಹಿಮೋಗ್ಲೋಬಿನ್‌ಗೆ ಒಗ್ಗಿಹೋಗಿ ಆಡಿಕೊಂಡಿರುವ ಮಗುವಿಗೆ ಅದು ಬೇಕಿಲ್ಲ. ಬರಿಯ ಕೀಲು-ಮೂಳೆಗಳ ನೋವಿಗೂ ಬೇಕಿಲ್ಲ. ಅಲ್ಲಿ ನೋವುಶಾಮಕ, ಸಾಕಷ್ಟು ನೀರು, ಬೆಚ್ಚಗಿನ ಆರೈಕೆಗಳೇ ಚಿಕಿತ್ಸೆ.

ಹಾಗಾದರೆ ಎಂದು ಬೇಕು? ಗುಲ್ಮವು ಹಠಾತ್ತನೆ ಊದಿ ರಕ್ತವನ್ನು ಹೀರಿಕೊಂಡಾಗ, ವೈರಸ್ ಸೋಂಕಿನಿಂದ ಮಜ್ಜೆಯು ಕಣಗಳ ಉತ್ಪಾದನೆಯನ್ನೇ ನಿಲ್ಲಿಸಿದಾಗ, ಎದೆನೋವು, ಜ್ವರಗಳೊಡನೆ ಉಸಿರಾಟ ಕೆಟ್ಟಾಗ, ಪಾರ್ಶ್ವವಾಯು ಬಡಿದಾಗ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ. ಇವುಗಳಲ್ಲಿ ಮೊದಲ ನಾಲ್ಕರಲ್ಲಿ ವಿಳಂಬವು ಪ್ರಾಣಕ್ಕೇ ಎರವಾಗಬಹುದು. ಮಿದುಳಿನ ನಾಳಗಳಲ್ಲಿ ರಕ್ತದ ವೇಗವು ಸೆಕೆಂಡಿಗೆ 200 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿರುವ ಮಕ್ಕಳಿಗೆ ನಿಯಮಿತವಾಗಿ ರಕ್ತ ಕೊಟ್ಟರೆ ಪಾರ್ಶ್ವವಾಯುವಿನ ಅಪಾಯ ಬಹುಪಾಲು ತಗ್ಗುವುದೆಂದು 1998ರ ಅಮೆರಿಕದ ಅಧ್ಯಯನವೊಂದು ಸಿದ್ಧಪಡಿಸಿತು.

ರಕ್ತವು ಅಮೃತವೂ ಹೌದು, ಮಿತಿಮೀರಿದರೆ ವಿಷವೂ ಹೌದು. ಹಿಮೋಗ್ಲೋಬಿನ್ 10 ಗ್ರಾಂ ದಾಟಿದರೆ ರಕ್ತವು ಮಂದವಾಗಿ ನಾಳಗಳು ಕಟ್ಟಿಕೊಳ್ಳಬಹುದು. ಪ್ರತಿ ಬಾಟಲಿಯೊಡನೆ 200-250 ಮಿಲಿಗ್ರಾಂ ಕಬ್ಬಿಣವು ದೇಹವನ್ನು ಸೇರುತ್ತದೆ. ಹೊರಹಾಕುವ ದಾರಿ ದೇಹಕ್ಕಿಲ್ಲದ್ದರಿಂದ ಅದು ಯಕೃತ್ತು, ಹೃದಯಗಳಲ್ಲಿ ಶೇಖರವಾಗುತ್ತದೆ. ಪದೇ ಪದೇ ಪರರ ರಕ್ತ ಪಡೆದ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡರೆ ಮುಂದೆ ಹೊಂದುವ ರಕ್ತವೇ ದುರ್ಲಭವಾದೀತು. ಆದಕಾರಣ ಎ, ಬಿ, ಓ ಗುಂಪುಗಳಷ್ಟೇ ಅಲ್ಲದೆ ಆರ್‌ಎಚ್, ಕೆಲ್ ಉಪಗುಂಪುಗಳನ್ನೂ ಹೊಂದಿಸುವುದು ಲೇಸು.

ಇಲ್ಲಿ ಮನೆಯವರ ಹೊಣೆಯೂ ಇದೆ. ಗಡಿಯ ಈಚೆಗೊಮ್ಮೆ ಆಚೆಗೊಮ್ಮೆ ಆಸ್ಪತ್ರೆ ಬದಲಿಸುವ ನಮ್ಮ ಸೀಮೆಯಲ್ಲಿ, ರಕ್ತ ಕೊಟ್ಟ ದಿನಾಂಕ, ಪ್ರಮಾಣ, ಗುಂಪು, ಪ್ರತಿಕಾಯಗಳ ವಿವರ, ಎಂದಿನ ಹಿಮೋಗ್ಲೋಬಿನ್ ಮಟ್ಟ ಇವನ್ನು ಬರೆದ ಚೀಟಿ ಸದಾ ಜೊತೆಗಿರಲಿ. ಮಗುವಿನ ಗುಲ್ಮವನ್ನು ಮುಟ್ಟಿ ನೋಡುವುದನ್ನು ತಾಯಂದಿರು ವೈದ್ಯರಿಂದ ಕಲಿತುಕೊಳ್ಳಲಿ. ರಕ್ತ ಪಡೆದ ಕೆಲವು ದಿನಗಳಲ್ಲಿ ಮೂತ್ರ ಕಪ್ಪಾದರೆ, ಜ್ವರ, ನೋವು, ಕಾಮಾಲೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ವೈದ್ಯರು ಗೊತ್ತುಮಾಡಿದ ಹೈಡ್ರಾಕ್ಸಿಯೂರಿಯಾ ಮಾತ್ರೆಯನ್ನು ತಪ್ಪದೆ ಸೇವಿಸಿದರೆ ಎಷ್ಟೋ ಮಂದಿಗೆ ರಕ್ತದ ಅಗತ್ಯವೇ ವಿರಳವಾಗುತ್ತದೆ.