ಅವರ ಕೋಡಿ, ನಮ್ಮ ಕೋಡಿ

ನಮ್ಮ ಊರು ಕುರುಡುಮಲೆ. ಮುಳಬಾಗಿಲಿನಿಂದ ಸುಮಾರು ಹತ್ತು ಕಿಲೋಮೀಟರ್. ದೊಡ್ಡ ಗಣಪನ ಗುಡಿಯಿಂದಾಗಿ ಹೊರಗಿನವರಿಗೂ ಆ ಹೆಸರು ಗೊತ್ತು. ಆದರೆ ಊರಿನೊಳಗೆ ನಾವು ದಿನವೂ ಮಾತಾಡುವುದು ಗುಡಿಯ ಬಗ್ಗೆ ಅಲ್ಲ, ನೀರಿನ ಬಗ್ಗೆ. ಯಾರ ಬೋರ್‌ವೆಲ್‌ನಲ್ಲಿ ನೀರು ಬಂತು, ಯಾರದು ನಿಂತುಹೋಯಿತು, ಈ ಸಲ ಕೆರೆ ಕೋಡಿ ಹೋಗುತ್ತದೆಯೇ ಎಂಬುದೇ ಮಾತು.

ಹೋದ ವರ್ಷ ಗ್ರಂಥಾಲಯದಿಂದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ತೆಗೆದುಕೊಂಡು ಓದಲು ಕುಳಿತಾಗ ಅದರಲ್ಲೂ 'ಕೋಡಿ' ಎಂಬ ಪದ ಸಿಕ್ಕಿತು. ಕಾದಂಬರಿ ನಡೆಯುವ ಊರಿನ ಹೆಸರೇ ಕೋಡಿ. ನಮ್ಮಲ್ಲಿ ಕೋಡಿ ಎಂದರೆ ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವ ಜಾಗ. ಕರಾವಳಿಯಲ್ಲಿ ಹಾಗಲ್ಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಸಮುದ್ರ ಇದ್ದು, ನಡುವೆ ನಾಲಿಗೆಯಂತೆ ಚಾಚಿಕೊಂಡ ನೆಲದ ತುದಿಗೆ ಅವರು ಕೋಡಿ ಎನ್ನುತ್ತಾರೆ. ಒಂದೇ ಪದ. ನಮಗದು ಅಪರೂಪದ ಹಬ್ಬ, ಅವರಿಗೆ ಮನೆಯ ಅಂಗಳ. 2021ರ ನವೆಂಬರ್ ಮಳೆಗೆ ಕೋಲಾರ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹೋದಾಗ ಜನ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗಿದ್ದು ನಿಮಗೂ ನೆನಪಿರಬಹುದು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 700ರಿಂದ 750 ಮಿಲಿಮೀಟರ್. ಕರಾವಳಿಯಲ್ಲಿ ಅದರ ನಾಲ್ಕೈದು ಪಟ್ಟು. ಅಬ್ಬಾ ಮೂರು ಬೋರ್‌ವೆಲ್ ಕೊರೆಸಿದರು. ಎರಡರಲ್ಲಿ ಧೂಳು ಮಾತ್ರ ಬಂತು. ಸಾಲ ಇನ್ನೂ ತೀರಿಲ್ಲ. ಆದ್ದರಿಂದ ನಾನು ಚಿಕ್ಕಂದಿನಿಂದ ಒಂದು ಮಾತನ್ನು ನಂಬಿದ್ದೆ: ನೀರೊಂದು ಇದ್ದಿದ್ದರೆ ನಮಗೆ ಯಾವ ಕಷ್ಟವೂ ಇರುತ್ತಿರಲಿಲ್ಲ. ಕರಾವಳಿಯ ಪುಸ್ತಕಗಳನ್ನು ಓದಿದ ಮೇಲೆ ಆ ನಂಬಿಕೆ ಅಲುಗಾಡಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳಲು ಈ ಲೇಖನ.

ಮೊದಲು ಅಲ್ಲಿನ ನೆಲದ ಲೆಕ್ಕ ತಿಳಿದಿರಬೇಕು. ದಕ್ಷಿಣ ಕನ್ನಡ, ಉಡುಪಿ ಕಡೆ ಗದ್ದೆಗಳಲ್ಲಿ ಮೂರು ಬಗೆ. ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು. ಅಲ್ಲಿ ವರ್ಷಕ್ಕೆ ಮೂರು ಬೆಳೆಯವರೆಗೂ ತೆಗೆಯಬಹುದು. ಅದಕ್ಕಿಂತ ಮೇಲಿನದು ಮಜಲು, ಎರಡು ಬೆಳೆ. ಎಲ್ಲಕ್ಕಿಂತ ಮೇಲಿನದು ಬೆಟ್ಟು. ಮಳೆಯನ್ನೇ ನಂಬಿದ ಒಂದು ಬೆಳೆ. ಇದು ಗೊತ್ತಿದ್ದರೆ ಆ ಕಾದಂಬರಿಗಳಲ್ಲಿ ಯಾರ ಗದ್ದೆ ಎಲ್ಲಿದೆ ಎಂಬುದರಿಂದಲೇ ಯಾರ ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ ಎಂದು ಅರ್ಥವಾಗುತ್ತದೆ.

'ಮರಳಿ ಮಣ್ಣಿಗೆ' 1940ರ ದಶಕದ ಆರಂಭದ ಕಾದಂಬರಿ. ಕೋಡಿಯ ಐತಾಳರ ಮನೆಯ ಮೂರು ತಲೆಮಾರುಗಳ ಕಥೆ. ರಾಮ ಐತಾಳರದು ಪೌರೋಹಿತ್ಯ. ಗದ್ದೆಯ ಕೆಸರಿನಲ್ಲಿ ಬೆನ್ನು ಬಗ್ಗಿಸುವವರು ಮನೆಯ ಹೆಂಗಸರು. ಮಳೆ, ಹೊಳೆ, ಕಡಲು ಎಲ್ಲವೂ ಪುಸ್ತಕದ ತುಂಬ ಇವೆ, ಆದರೆ ನೀರು ಅವರ ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಹೆಚ್ಚಿಸುತ್ತದೆ. ಮಗ ಲಚ್ಚ ಇಂಗ್ಲಿಷ್ ಓದಿ ದಾರಿ ತಪ್ಪುತ್ತಾನೆ. ಅವನ ಹೆಂಡತಿ ನಾಗವೇಣಿ ಎಲ್ಲ ನೋವನ್ನು ನುಂಗಿ ಮಗನನ್ನು ಬೆಳೆಸುತ್ತಾಳೆ. ಆ ಮಗ ಪಟ್ಟಣಗಳಲ್ಲಿ ಕೆಲಸಕ್ಕೆ ಅಲೆದು ಕೊನೆಗೆ ಊರಿನ ಮಣ್ಣಿಗೇ ಮರಳುತ್ತಾನೆ. ಬೆಂಗಳೂರಿಗೆ ಹೋಗುವ ಬೆಳಗಿನ ರೈಲು, ಬಸ್ಸುಗಳನ್ನು ನೋಡುತ್ತಲೇ ಬೆಳೆದ ನಮಗೆ ಇದು ದೂರದ ಕಥೆ ಅನ್ನಿಸುವುದಿಲ್ಲ.

ಕಾರಂತರದ್ದೇ 'ಚೋಮನ ದುಡಿ' 1933ರದು. ಪುಟ ಕಡಿಮೆ, ಹೊಸದಾಗಿ ಓದುವವರು ಇದರಿಂದಲೇ ಶುರುಮಾಡಬಹುದು. ಚೋಮನ ಹತ್ತಿರ ಎತ್ತುಗಳಿವೆ, ದುಡಿಯುವ ಮಕ್ಕಳಿದ್ದಾರೆ, ಆಕಾಶದಿಂದ ಬೇಕಾದಷ್ಟು ಮಳೆ ಇದೆ. ಇಲ್ಲದಿರುವುದು ಉಳಲು ಒಂದು ತುಂಡು ಗದ್ದೆ. ಅಸ್ಪೃಶ್ಯನೆಂಬ ಕಾರಣಕ್ಕೆ ಅದು ಅವನಿಗೆ ದಕ್ಕುವುದಿಲ್ಲ. ಅವನ ಮಗ ಹೊಳೆಯಲ್ಲಿ ಮುಳುಗುವಾಗ ದಡದಲ್ಲಿದ್ದವರು ಮುಟ್ಟಿದರೆ ಮೈಲಿಗೆ ಎಂದು ಕೈ ಚಾಚುವುದಿಲ್ಲ. ಈ ಪುಟ ಓದಿದ ದಿನ ನನಗೆ ಊಟ ಸೇರಲಿಲ್ಲ. ಅಲ್ಲಿ ನೀರಿಗೆ ಕೊರತೆ ಇರಲಿಲ್ಲ.

ಮೂರನೆಯದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. 1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದದ್ದು. ಚಂದ್ರಗಿರಿ ಕಾಸರಗೋಡಿನ ಹೊಳೆ. ಅದರ ದಡದ ಮುಸ್ಲಿಂ ಮನೆಯ ಹುಡುಗಿ ನಾದಿರಾ. ಅವಳಿಗೆ ಗಂಡನ ಮೇಲೆ ಪ್ರೀತಿಯಿದೆ, ಗಂಡನಿಗೂ ಇದೆ. ಆದರೆ ತಂದೆಯ ಹಟಕ್ಕೆ ತಲಾಖ್ ಆಗುತ್ತದೆ. ಮತ್ತೆ ಒಂದಾಗಲು ಅವಳ ಮುಂದೆ ಇಟ್ಟ ದಾರಿಯನ್ನು ತುಳಿಯಲಾರದೆ ಅವಳು ನೀರಿನ ಪಾಲಾಗುತ್ತಾಳೆ. ಅವಳ ಬದುಕಿನ ಪ್ರತಿಯೊಂದು ತೀರ್ಮಾನವನ್ನೂ ಬೇರೆಯವರೇ ಮಾಡುತ್ತಾರೆ. ಯಾರೂ ಅವಳನ್ನು ಒಂದು ಮಾತು ಕೇಳುವುದಿಲ್ಲ. ಒಂದೇ ಉಸಿರಿಗೆ ಹೇಳುವ ಮೂರು ತಲಾಖ್ ಅಸಿಂಧು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಈ ಲೇಖಕಿ ಅದಕ್ಕೆ ಮೂವತ್ತು ವರ್ಷಕ್ಕೂ ಮೊದಲೇ ನಮ್ಮದೇ ಸಮುದಾಯದ ಒಳಗಿನಿಂದ ಒಬ್ಬ ಹೆಣ್ಣಿನ ಕಡೆ ನಿಂತು ಬರೆದರು.

ಸಾರಾ ಅವರ ಬಗ್ಗೆ ಇನ್ನೊಂದು ವಿಷಯ ನನಗೆ ಧೈರ್ಯ ಕೊಟ್ಟಿತು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರ ಮನೆಮಾತು ಮಲಯಾಳ. ಓದಿದ್ದು ಕನ್ನಡ ಶಾಲೆಯಲ್ಲಿ, ಬರೆದದ್ದು ಕನ್ನಡದಲ್ಲಿ. ನಮ್ಮ ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ತರಗತಿಯಲ್ಲಿ ಕನ್ನಡ. "ನಮಗೆ ಕನ್ನಡ ಅಷ್ಟಾಗಿ ಬರಲ್ಲ" ಎಂದು ಹಿಂದಿನ ಬೆಂಚಿಗೆ ಸರಿಯುವ ನನ್ನಂಥವರಿಗೆ ಇನ್ನು ಆ ನೆಪ ಉಳಿದಿಲ್ಲ. ಇದೇ ದಾರಿಯಲ್ಲಿ ಇನ್ನಷ್ಟು ಓದಬೇಕೆನ್ನುವವರಿಗೆ ಬೊಳುವಾರು ಮಹಮದ್ ಕುಂಞಿ ಅವರ 'ಸ್ವಾತಂತ್ರ್ಯದ ಓಟ' ಇದೆ. ಪುಸ್ತಕ ದಪ್ಪ, ಆದರೆ ಓದಿಸಿಕೊಂಡು ಹೋಗುತ್ತದೆ. ಅದಕ್ಕೆ 2016ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈ ಪುಸ್ತಕಗಳನ್ನು ಮುಗಿಸಿದ ಮೇಲೆ ಒಂದು ರಾತ್ರಿ ದಾದಿಯನ್ನು ಕೇಳಿದೆ: "ದಾದಿ, ಕೆರೆ ತುಂಬಿರುತ್ತಿದ್ದ ಕಾಲದಲ್ಲಿ ನೀವು ಸುಖವಾಗಿದ್ದಿರಾ?" ಅವರು ನಕ್ಕರು. "ಕೆರೇಲಿ ನೀರಿತ್ತು. ಹೊತ್ತು ತರೋಳು ನಾನಿದ್ದೆ" ಎಂದರು. ಆಮೇಲೆ ಬಹಳ ಹೊತ್ತು ಹೇಳಿದರು. ನಸುಕಿನಲ್ಲೇ ಬಿಂದಿಗೆ ಹೊತ್ತದ್ದು, ನಾಟಿಯ ಕಾಲದಲ್ಲಿ ಕೂಲಿಗೆ ಹೋದದ್ದು, ಗಂಡಸರಿಗಿಂತ ಕಡಿಮೆ ಕೂಲಿ ಸಿಕ್ಕಿದ್ದು, ಶಾಲೆಗೆ ಹೋಗಬೇಕೆಂದಿದ್ದು, ಯಾರೂ ಕಳಿಸದೆ ಇದ್ದದ್ದು. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ನಾನು ಕೇಳಿರಲಿಲ್ಲ.

ನೀರು ಬೇಡ ಎಂದು ನಾನು ಹೇಳುತ್ತಿಲ್ಲ. ಅಬ್ಬಾನ ಹೊಲಕ್ಕೆ ನೀರು ಬೇಕು, ಬೇಗ ಬೇಕು. ಆದರೆ ನೀರು ಬಂದ ಮೇಲೂ ಅದನ್ನು ಯಾರು ಹೊರುತ್ತಾರೆ, ಯಾರ ಗದ್ದೆಗೆ ಅದು ಮೊದಲು ಹೋಗುತ್ತದೆ, ಮುಳುಗುವವರಿಗೆ ಯಾರು ಕೈ ಕೊಡುತ್ತಾರೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಅವುಗಳಿಗೆ ಮಳೆ ಉತ್ತರ ಕೊಡುವುದಿಲ್ಲ, ಮನುಷ್ಯರೇ ಕೊಡಬೇಕು. ಕಡಲ ತೀರದವರು ಬರೆದ ಪುಸ್ತಕಗಳು ಬಯಲುಸೀಮೆಯ ನನಗೆ ಕಲಿಸಿದ್ದು ಇಷ್ಟು.

ಗೆಳೆಯ ಗೆಳತಿಯರೇ, ಮಾಸ್ತಿಯವರು ಹುಟ್ಟಿದ್ದು ಮಾಲೂರು ತಾಲ್ಲೂಕಿನಲ್ಲಿ, ಡಿ.ವಿ.ಜಿ. ಹುಟ್ಟಿದ್ದು ನಮ್ಮ ಮುಳಬಾಗಿಲಿನಲ್ಲಿ. ಬರೆಯುವವರಿಗೆ ನಮ್ಮ ನೆಲದಲ್ಲಿ ಬರವಿಲ್ಲ. ಬತ್ತಿದ ಕೆರೆ, ಟೊಮೆಟೊ ಮಾರುಕಟ್ಟೆ, ಶ್ರೀನಿವಾಸಪುರದ ಮಾವಿನ ತೋಪು, ನಿಮ್ಮ ಮನೆಯ ಅಜ್ಜಿ, ಇವರ ಬಗ್ಗೆ ಬರೆಯಲು ಇನ್ನೂ ಬಹಳ ಇದೆ. ರಜೆಯಲ್ಲಿ ಈ ಪುಸ್ತಕಗಳಲ್ಲಿ ಒಂದನ್ನಾದರೂ ಓದಿ. 'ಚೋಮನ ದುಡಿ' ಈಗ ನನ್ನ ಬಳಿ ಇದೆ. ಸೋಮವಾರ ಗ್ರಂಥಾಲಯಕ್ಕೆ ಹಿಂತಿರುಗಿಸುತ್ತೇನೆ.