ಹಿರಿಯರ ಕಲ್ಲುಗಳನ್ನು ಉಳಿಸಿಕೊಳ್ಳುವ ಬಗೆ

ಕಾಫಿ ಗಿಡಕ್ಕೆ ಒಂದೂವರೆ ಅಡಿ ಗುಂಡಿ, ಅಡಿಕೆ ಸಸಿಗೆ ಮೂರಡಿ ಗುಂಡಿ ತೆಗೆಯುವುದು ಬೆಳೆಗಾರ ಬಾಂಧವರಿಗೆಲ್ಲ ತಿಳಿದ ಕೆಲಸವೇ ಸರಿ. ಕಾಡಂಚಿನ ಜಮೀನಿನಲ್ಲಿ ಹೀಗೆ ಗುಂಡಿ ತೆಗೆಯುವಾಗ ನೆಟ್ಟ ಕಲ್ಲುಗಳ ಸಾಲೋ, ಕಲ್ಲುಗುಪ್ಪೆಯೋ ಎದುರಾಗುವುದುಂಟು. ಆಳುಗಳು ಗುದ್ದಲಿ ನಿಲ್ಲಿಸಿ ಯಜಮಾನನ ಮುಖ ನೋಡುತ್ತಾರೆ. ಕಿತ್ತು ಬದುವಿಗೆ ಹಾಕುವುದೇ, ಇದ್ದಲ್ಲೇ ಬಿಡುವುದೇ? ಅನೇಕ ಕಡೆ ಇವು ಆ ನೆಲದಲ್ಲಿ ಮೊದಲು ಒಕ್ಕಲಾದವರ ಸಮಾಧಿಯ ಕಲ್ಲುಗಳು. ಅವುಗಳ ಬೆಲೆ ಏನು, ಹಾಳುಬಿದ್ದವನ್ನು ಸರಿಪಡಿಸುವುದು ಹೇಗೆ ಎಂಬುದನ್ನು ನಮ್ಮ ಬೆಟ್ಟದ ಸೋಲಿಗರ ಉದಾಹರಣೆಯಿಂದಲೇ ತಿಳಿಯಬಹುದು.

ಮೊದಲ ಒಕ್ಕಲು ಯಾರು?

ಬಿಳಿಗಿರಿರಂಗನ ಬೆಟ್ಟದಲ್ಲಿ ಕಾಫಿಯ ಇತಿಹಾಸ ಹೇಳುವವರು ಸಾಮಾನ್ಯವಾಗಿ ಮಾರಿಸ್ ಮನೆತನದಿಂದ ಆರಂಭಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರಾಂಡಾಲ್ಫ್ ಮಾರಿಸ್ ಅತ್ತಿಖಾನೆಯಲ್ಲಿ ಕಾಫಿ ತೋಟ ಎಬ್ಬಿಸಿದರು. ಅವರ ಮಗ ರಾಲ್ಫ್ ಮಾರಿಸ್ (1894–1977) ತೋಟದ ಜೊತೆಗೆ ಕಾಡುಪ್ರಾಣಿಗಳ ವಿಷಯವನ್ನೂ ಬರೆದು ಹೆಸರಾದರು. ಆದರೆ ಅವರು ಬರುವುದಕ್ಕೆ ಬಹುಕಾಲ ಮೊದಲೇ ಈ ಬೆಟ್ಟದಲ್ಲಿ ಸೋಲಿಗರ ಪೋಡುಗಳಿದ್ದವು. ಗೋಪಿನಾಥಂ, ಪಾಲಾರ್, ಮಹದೇಶ್ವರ ಬೆಟ್ಟದ ಕಡೆಯ ಕಾಡುಗಳಲ್ಲಿಯೂ ಸೋಲಿಗರ ನೆಲೆಗಳುಂಟು. ಈಗ ಬಿಳಿಗಿರಿಯ ಪೋಡುಗಳ ಸುತ್ತ ಸೋಲಿಗರದೇ ಸಣ್ಣ ಕಾಫಿ ತೋಟಗಳಿರುವುದನ್ನು ಸದಸ್ಯರು ಕಂಡೇ ಇರುತ್ತೀರಿ.

ಸೋಲಿಗರಲ್ಲಿ ಕುಲಕ್ಕೆ ಕುಲಕ್ಕೆ ಕಾಡಿನಲ್ಲಿ ತನ್ನದೇ ಆದ ‘ಎಲ್ಲೆ’ ಇರುತ್ತದೆ. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂಬ ತಾಣಗಳು. ಅಬ್ಬಿ ಎಂದರೆ ನೀರಿನ ನೆಲೆ. ಕಲ್ಲುಗುಡಿ ಎಂದರೆ ಗತಿಸಿದ ಹಿರಿಯರಿಗೆ ಸೇರಿದ ಕಲ್ಲುಗಳ ತಾಣ. ಅದರ ಮೇಲೆ ಹೆಸರು, ಇಸವಿ ಕೆತ್ತಿರುವುದಿಲ್ಲ. ಯಾವ ಕಲ್ಲು ಯಾರದು ಎಂಬುದು ಹಿರಿಯರ ಬಾಯಲ್ಲಿ ಮಾತ್ರ ಇರುತ್ತದೆ. ಹೇಳುವವರು ಹೋದರೆ ಕಲ್ಲು ಬರೀ ಕಲ್ಲಾಗಿ ಉಳಿಯುತ್ತದೆ.

ಹಾಳು ಬಿದ್ದದ್ದು ಹೇಗೆ?

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1974ರಲ್ಲಿ ಬಿಳಿಗಿರಿ ಅಭಯಾರಣ್ಯವಾಯಿತು. ಬೇಟೆ, ಕುಮರಿ ಬೇಸಾಯ ನಿಂತವು. ಒಳಗಾಡಿನ ಪೋಡುಗಳು ರಸ್ತೆ ಬದಿಯ ಕಾಲೋನಿಗಳಿಗೆ ಬಂದವು. ಕಲ್ಲುಗುಡಿಗಳು ಮಾತ್ರ ಇದ್ದಲ್ಲಿಯೇ ಉಳಿದವು. ನಡೆದಾಡುವವರು ಕಡಿಮೆಯಾದ ಮೇಲೆ ಕಾಲುದಾರಿ ಮುಚ್ಚಿತು. ಮೊದಲು ಬೇಸಗೆಯ ಆರಂಭದಲ್ಲಿ ನೆಲದ ಒಣ ಎಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ ನಿಂತದ್ದರಿಂದಲೇ ಲಂಟಾನ ಹೆಚ್ಚಿತು ಎಂದು ಸೋಲಿಗ ಹಿರಿಯರು ಹೇಳುತ್ತಾರೆ. ಹೀಗೆ ಲಂಟಾನದ ಪೊದೆಯಲ್ಲಿ ಎಷ್ಟೋ ತಾಣಗಳು ಕಣ್ಮರೆಯಾದವು.

ಮತ್ತೆ ಕಂಡುಕೊಂಡದ್ದು

ಈ ಶತಮಾನದ ಮೊದಲ ದಶಕದಲ್ಲಿ ಸೋಲಿಗ ಹಿರಿಯರು ಮತ್ತು ಏಟ್ರೀ ಸಂಶೋಧನಾ ಸಂಸ್ಥೆಯವರು ಕೂಡಿ ಈ ತಾಣಗಳನ್ನು ಹುಡುಕುವ ಕೆಲಸ ಹಿಡಿದರು. ಹಿರಿಯರು ಮುಂದೆ ನಡೆದು ತೋರಿಸಿದರು. ಜೊತೆಯವರು ಸ್ಥಳ ಗುರುತಿಸುವ ಉಪಕರಣದಿಂದ ನಕ್ಷೆಗೆ ಇಳಿಸಿದರು. ನಾನೂರಕ್ಕೂ ಹೆಚ್ಚು ತಾಣಗಳು ಸೋಲಿಗರಿಟ್ಟ ಹೆಸರುಗಳೊಡನೆ ನಕ್ಷೆಯಲ್ಲಿ ದಾಖಲಾದವು. ಇಲ್ಲಿ ಗಮನಿಸಬೇಕಾದ ಸಂಗತಿ ಇದು: ಜೀರ್ಣೋದ್ಧಾರವೆಂದರೆ ಗಾರೆ ಕೆಲಸವಲ್ಲ. ತಾಣದ ಹೆಸರು, ಅಲ್ಲಿಗೆ ಹೋಗುವ ದಾರಿ, ಹೋಗುವ ಹಕ್ಕು, ಈ ಮೂರೂ ಮರಳಿ ಬಂದರೆ ಅದೇ ಜೀರ್ಣೋದ್ಧಾರ.

ಹಕ್ಕಿನ ಮಾತು ಸಣ್ಣದಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ನಿಯಮಗಳಲ್ಲಿ, ಒಂದು ಸಮುದಾಯ ಆ ಕಾಡಿನಲ್ಲಿ ಹಿಂದಿನಿಂದ ಇತ್ತೆಂಬುದಕ್ಕೆ ಒಪ್ಪಬಹುದಾದ ಸಾಕ್ಷ್ಯಗಳ ಪಟ್ಟಿ ಇದೆ. ಅದರಲ್ಲಿ ಹಳೆಯ ಬಾವಿ, ಪವಿತ್ರ ಸ್ಥಳಗಳ ಜೊತೆಗೆ ಸಮಾಧಿ ಭೂಮಿಯನ್ನೂ ಹೆಸರಿಸಿದೆ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ಪರಿಗಣಿಸಬೇಕೆಂದೂ ನಿಯಮ ಹೇಳುತ್ತದೆ. ಅಂದರೆ ಪಹಣಿ, ಪಟ್ಟಾ ಏನೂ ಇಲ್ಲದ ಕುಟುಂಬಕ್ಕೆ ಅಜ್ಜನ ಸಮಾಧಿಯ ಕಲ್ಲೇ ಕಾಗದಪತ್ರವಾಗಬಲ್ಲದು. 2011ರಲ್ಲಿ ಬಿಳಿಗಿರಿ ಹುಲಿ ಮೀಸಲು ಪ್ರದೇಶವಾದ ವರ್ಷವೇ, ಅಕ್ಟೋಬರ್ ತಿಂಗಳಿನಲ್ಲಿ, ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಕಲ್ಲು ಕಿತ್ತವನು ಬರೀ ಕಲ್ಲನ್ನು ಕಿತ್ತಂತಲ್ಲ, ಇನ್ನೊಬ್ಬರ ದಾಖಲೆಯನ್ನೇ ಹರಿದಂತೆ.

ನಮ್ಮ ತೋಟದಲ್ಲಿ ಕಂಡರೆ ಏನು ಮಾಡಬೇಕು?

1. ಮೊದಲು ಗುಂಡಿ ತೆಗೆಯುವುದನ್ನು ನಿಲ್ಲಿಸಿ. ಕಲ್ಲನ್ನು ಎತ್ತುವುದಾಗಲಿ ಸರಿಸುವುದಾಗಲಿ ಬೇಡ. ಬಿದ್ದ ಕಲ್ಲು ಬಿದ್ದಂತೆಯೇ ಇರಲಿ.

2. ಊರಿನ ಹಿರಿಯರನ್ನು, ಹತ್ತಿರದ ಪೋಡಿನ ಯಜಮಾನರನ್ನು ಕರೆದು ವಿಚಾರಿಸಿ. ಅವರು ಹೇಳಿದ್ದನ್ನು ತಾರೀಖು ಹಾಕಿ ಬರೆದುಕೊಳ್ಳಿ. ಕೈ ಹಚ್ಚುವ ಮೊದಲೇ ನಾಲ್ಕು ದಿಕ್ಕಿನಿಂದಲೂ ಫೋಟೋ ತೆಗೆದಿಡಿ.

3. ಪಹಣಿ ಮತ್ತು ಸರ್ವೆ ನಕ್ಷೆ ನೋಡಿ. ಯಾವುದೇ ಸಮುದಾಯದವರು ಶವ ಹೂಳುವ ಅಥವಾ ಸುಡುವ ಜಾಗವನ್ನು ಕಂದಾಯ ನಿಯಮಗಳಲ್ಲಿ ‘ಬಿ’ ಖರಾಬಿಗೆ ಸೇರಿಸಲಾಗಿದೆ. ಅಂಥ ಜಾಗ ಹಿಡುವಳಿದಾರನ ಸಾಗುವಳಿಗೆ ಸೇರುವುದಲ್ಲ.

4. ಲಂಟಾನವನ್ನು ಹಾರೆ ಹಾಕಿ ಬುಡಸಮೇತ ಎಬ್ಬಿಸಬೇಡಿ. ಬೇರಿನ ಜೊತೆ ಕಲ್ಲೂ ಅಲುಗುತ್ತದೆ. ಮೊದಲು ಮೇಲಿನ ಪೊದೆ ಸವರಿ, ಆಮೇಲೆ ಮಣ್ಣಿನಿಂದ ಒಂದೆರಡು ಅಂಗುಲ ಕೆಳಗೆ ಬೇರನ್ನು ಕತ್ತರಿಸಿ, ಬುಡ ಮೇಲಾಗಿ ಒಣಹಾಕಿ. ಹಣ್ಣು ಕಟ್ಟುವ ಮೊದಲೇ ಈ ಕೆಲಸವಾಗಲಿ. ಮಳೆ ಬಿದ್ದ ಮೇಲೆ ಹೊಸ ಸಸಿಗಳನ್ನು ಕೈಯಿಂದಲೇ ಕಿತ್ತರೆ ಸಾಕು.

5. ಸಿಮೆಂಟು, ಬಣ್ಣ, ಆಸಿಡ್ ಯಾವುದೂ ಬೇಡ. ಸುಣ್ಣದ ಗಾರೆಯ ಹಳೆಯ ಕಟ್ಟಡಕ್ಕೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಹೋಗದೆ ಕಲ್ಲೂ ಇಟ್ಟಿಗೆಯೂ ಪುಡಿಯಾಗುತ್ತವೆ. ಅಂಥ ಕಡೆ ಸುಣ್ಣದ ಗಾರೆಯನ್ನೇ ಬಳಸತಕ್ಕದ್ದು. ಕಲ್ಲುಗುಡಿಗೆ ಅದೂ ಬೇಡ.

6. ಸುತ್ತ ಸ್ವಲ್ಪ ಜಾಗ ಮತ್ತು ಒಂದು ಕಾಲುದಾರಿ ಬಿಡಿ. ಅಲ್ಲಿ ಸಸಿ ನೆಡಬೇಡಿ.

7. ಕೆತ್ತನೆಯ ವೀರಗಲ್ಲು, ಮಾಸ್ತಿಕಲ್ಲು, ಶಾಸನ ಕಂಡರೆ ತಹಸೀಲ್ದಾರರಿಗೆ ಇಲ್ಲವೇ ಪುರಾತತ್ವ ಇಲಾಖೆಗೆ ತಿಳಿಸಿ.

ಇದರಿಂದ ಬೆಳೆಗಾರನಿಗೆ ಆಗುವ ನಷ್ಟ ಹತ್ತು ಹನ್ನೆರಡು ಕಾಫಿ ಗಿಡದ ಜಾಗವಿರಬಹುದು. ಆ ಹತ್ತು ಗಿಡದ ಫಸಲು ನಮ್ಮ ಲೆಕ್ಕದಲ್ಲಿ ದೊಡ್ಡದಲ್ಲ. ಆ ಕಲ್ಲುಗಳನ್ನು ಅರಸಿ ಬರುವ ಮೊಮ್ಮಕ್ಕಳಿಗೆ ತಮ್ಮ ಹಿರಿಯರು ಇಲ್ಲಿ ಬದುಕಿದ್ದರೆಂದು ಹೇಳಲು ಬೇರೆ ಗುರುತಿಲ್ಲ. ಕಲ್ಲು ಗುರುತಿಸಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು. ಈ ಸಲದ ಕೊಯ್ಲು ಮುಗಿದ ಮೇಲೆ ಸದಸ್ಯರು ಒಂದು ದಿನ ಬಿಡುವು ಮಾಡಿಕೊಂಡು, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ತಮ್ಮ ತೋಟದ ಎಲ್ಲೆಯನ್ನು ಒಮ್ಮೆ ಸುತ್ತಿ ಬರಬೇಕೆಂದು ಕೋರುತ್ತೇವೆ.